ಬೀಗದ ಕೈಯೂ ಭಂಡಾರವೂ

ಆಳಂದದ ಸದ್ಗೃಹಸ್ಥರೊಬ್ಬರು ಈಚೆಗೆ ನಮ್ಮೆದುರು ಒಂದು ಸಂದೇಹವನ್ನಿಟ್ಟರು. ಅವರ ಮಗನು ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗಿ. “ನಮ್ಮ ಕಂಪನಿಗೆ ದೊಡ್ಡ ಗುತ್ತಿಗೆಯೊಂದು ದೊರೆಯಲಿದೆ. ಸುದ್ದಿ ಹೊರಬೀಳುವ ಮುನ್ನ ಷೇರುಗಳನ್ನು ಕೊಂಡಿಡಿರಿ” ಎಂದು ಅವನು ತಂದೆಗೆ ತಿಳಿಸಿದನಂತೆ. “ಕದ್ದರೆ ಪಾಪವೆಂಬುದನ್ನು ಬಲ್ಲೆ. ಕಿವಿಗೆ ಬಿದ್ದ ಮಾತಿನಿಂದ ಗಳಿಸಿದರೂ ಪಾಪವೇ?” ಎಂಬುದು ಅವರ ಪ್ರಶ್ನೆ.

ಅಫಜಲಪುರ, ಜೇವರ್ಗಿಗಳ ರೈತನು ಮುಗಿಲ ಬಣ್ಣವನ್ನೂ ಪೇಟೆಯ ಧಾರಣೆಯನ್ನೂ ಅಳೆದು ತನ್ನ ತೊಗರಿಯನ್ನು ತಡೆದಿಟ್ಟು ಮಾರಿದರೆ ಅದರಲ್ಲಿ ದೋಷವಿಲ್ಲ. ಆ ತಿಳಿವು ಅವನ ಶ್ರಮದ ಫಲ. ಕಣ್ಣುಳ್ಳವರಿಗೆಲ್ಲ ಆ ಮುಗಿಲು ಕಾಣುವಂಥದು. ಕಚೇರಿಯ ಗುಟ್ಟಾದರೋ ಹಾಗಲ್ಲ. ಅದು ಕೆಲಸದ ನಿಮಿತ್ತವಾಗಿ ಒಬ್ಬನ ವಶಕ್ಕೆ ಬಂದ ಒತ್ತೆ. ಅದರ ಒಡೆತನ ಷೇರುದಾರರೆಲ್ಲರದು. ಮಾರುವವನು ಮನಸಾರೆ ಮಾರಿದನಲ್ಲಾ, ಅವನಿಗೇನು ಅನ್ಯಾಯವೆಂದು ವಾದಿಸುವವರುಂಟು. ನಾಳೆಯ ಸುದ್ದಿಯನ್ನು ಬಲ್ಲವನಾಗಿದ್ದರೆ ಅವನು ಆ ಬೆಲೆಗೆ ಮಾರುತ್ತಿದ್ದನೇ? ಅವನ ಅರಿಯದಿರುವಿಕೆಯೇ ಕೊಂಡವನ ಲಾಭ.

ಆದುದರಿಂದಲೇ ಸೆಬಿ ಎಂಬ ಷೇರುಪೇಟೆಯ ನಿಯಂತ್ರಣ ಮಂಡಳಿಯು 1992ರಲ್ಲಿಯೂ ಮತ್ತೆ 2015ರಲ್ಲಿಯೂ ಇಂಥ ಒಳಸುದ್ದಿಯ ವ್ಯಾಪಾರವನ್ನು ನಿಷೇಧಿಸಿ ನಿಯಮಗಳನ್ನು ಮಾಡಿತು. ಗುಟ್ಟನ್ನು ಹೇಳಿದವನೂ, ಕೇಳಿ ಕೊಂಡವನೂ ಇಬ್ಬರೂ ಅಪರಾಧಿಗಳೇ. ಗುಟ್ಟನ್ನು ಕಾಯುವುದೂ ಒಂದು ಧರ್ಮವೆಂಬುದಕ್ಕೆ ಬೆಂಗಳೂರಿನದೇ ನಿದರ್ಶನವುಂಟು. 2020ರ ಜುಲೈಯಲ್ಲಿ ಇನ್ಫೋಸಿಸ್ ಕಂಪನಿಯು ಅಮೆರಿಕದ ವ್ಯಾನ್‌ಗಾರ್ಡ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದವನ್ನು ಸಾರಿತು. ಆ ಸುದ್ದಿಯನ್ನು ಬೆಲೆ ಕದಲಿಸುವ ರಹಸ್ಯವೆಂದೆಣಿಸಿ ಕಾಯುವ ಏರ್ಪಾಡು ಸಾಲದಾಯಿತೆಂದು ಸೆಬಿ ಆಕ್ಷೇಪಿಸಿತು. ಕಂಪನಿಯ ಮುಖ್ಯಾಧಿಕಾರಿಯು 2024ರಲ್ಲಿ, ಆರೋಪವನ್ನು ಒಪ್ಪದೆಯೂ ಅಲ್ಲಗಳೆಯದೆಯೂ, 25 ಲಕ್ಷ ರೂಪಾಯಿ ತೆತ್ತು ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡರು. ತಾವೇ ಷೇರು ಕೊಂಡರೆಂಬುದು ಅವರ ಮೇಲಿನ ಆರೋಪವಾಗಿರಲಿಲ್ಲ. ಕಾವಲಿನ ಲೋಪವೇ ವಿಚಾರಕ್ಕೆ ಬಂದಿತು.

ನಮ್ಮ ನೆರೆಯ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರಷ್ಟೆ. ಬೀಗದ ಕೈ ಅವರಲ್ಲಿತ್ತು; ಭಂಡಾರ ಅವರದಾಗಿರಲಿಲ್ಲ. ದೂರು ಬಂದಾಗ ಲೆಕ್ಕ ತೆರೆದು ತೋರಿದರು, ಹೊನ್ನು ಒಂದೂ ಕಡಮೆಯಾಗಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದರು. ಆ ಅಕ್ಕಿಯೂ ಕದ್ದದ್ದಲ್ಲ. ಆದರೂ ಕಾಯಕದ ಮೇರೆಯನ್ನು ಮೀರಿದ್ದು.

ಆ ಗೃಹಸ್ಥರಿಗೆ ನಾವು ಹೇಳಿದುದು ಇಷ್ಟೇ: ಷೇರು ಕೊಳ್ಳುವುದು ತಪ್ಪಲ್ಲ, ಸುದ್ದಿ ಬಹಿರಂಗವಾಗಿ ಎಲ್ಲರಿಗೂ ತಿಳಿದ ಮೇಲೆ ಕೊಳ್ಳಿರಿ. ಮಗನಿಗೆ, “ಇಂಥ ಮಾತನ್ನು ಮನೆಗೆ ತರಬೇಡ” ಎಂದು ತಿಳಿಹೇಳಿರಿ. ಅವರು ಕೆಲಹೊತ್ತು ಸುಮ್ಮನಿದ್ದು, “ಮಗಳ ಮದುವೆಯ ಸಾಲ ತೀರುತ್ತಿತ್ತು” ಎಂದರು. ಆ ಮಾತಿನ ಭಾರವನ್ನು ನಾವು ಬಲ್ಲೆವು. ಸಾಲವು ವರ್ಷಗಳಲ್ಲಿ ತೀರೀತು; ಅರಿಯದ ಮತ್ತೊಬ್ಬನ ಕೈಯಿಂದ ಹೀಗೆ ಪಡೆದುದನ್ನು ತೀರಿಸೋಣವೆಂದರೆ ಅವನು ಯಾರೆಂಬುದೇ ನಮಗೆ ತಿಳಿಯದು.