ಹಿರೋಶಿಮಾ ಒಂದು ಅಳತೆಗೋಲೇ?

ಆಕಾಶದಲ್ಲಿ ಉಲ್ಕೆಯೊಂದು ಸಿಡಿದರೆ ಮರುದಿನದ ಸುದ್ದಿಯಲ್ಲಿ ಒಂದು ಲೆಕ್ಕ ಬಂದೇ ಬರುತ್ತದೆ: ಇಷ್ಟು ಹಿರೋಶಿಮಾ ಬಾಂಬುಗಳಿಗೆ ಸಮ. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಬಳಿ ಸಿಡಿದ ಉಲ್ಕೆಗೂ ಇದೇ ಆಯಿತು. ಸುಮಾರು 20 ಮೀಟರ್ ಅಗಲದ ಬಂಡೆ, ಸೆಕೆಂಡಿಗೆ 19 ಕಿಲೋಮೀಟರ್ ವೇಗ, ಹೊಮ್ಮಿದ ಶಕ್ತಿ 400ರಿಂದ 500 ಕಿಲೋಟನ್. ಹಿರೋಶಿಮಾದ ಬಾಂಬು ಸುಮಾರು 15 ಕಿಲೋಟನ್. ಭಾಗಿಸಿದರೆ ಸುಮಾರು 30 ಹಿರೋಶಿಮಾ. ಭಾಗಾಕಾರ ಸರಿಯಾಗಿಯೇ ಇದೆ; ಅದು ಓದುಗರ ಕಣ್ಣಮುಂದೆ ತರುವ ಚಿತ್ರ ಮಾತ್ರ ಸುಳ್ಳು. 1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಮಂದಿ. ಚೆಲ್ಯಾಬಿನ್ಸ್ಕ್‌ನಲ್ಲಿ ಒಬ್ಬರೂ ಸಾಯಲಿಲ್ಲ.

ಹೋಲಿಕೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಋಷಿಮೂಲ, ನದೀಮೂಲದ ಹಾಗೆ ಆಘಾತ ತರಂಗದ ಮೂಲವನ್ನೂ ಕೇಳಬೇಕಾಗಿಲ್ಲ; ಒತ್ತಿ ಬರುವ ಗಾಳಿಗೆ ತನ್ನನ್ನು ಹುಟ್ಟಿಸಿದ್ದು ಯುರೇನಿಯಮ್ಮೋ ಕಲ್ಲೋ ತಿಳಿಯದು. ಭೂವಿಜ್ಞಾನಿ ಯೂಜಿನ್ ಶೂಮೇಕರ್ ಅರಿಜೋನಾದ ದೊಡ್ಡ ಕುಳಿ ಉಲ್ಕೆ ಬಿದ್ದೇ ಆದದ್ದೆಂದು ವಾದಿಸಿದ್ದು ನೆವಾಡದ ಅಣುಪರೀಕ್ಷೆಯ ಕುಳಿಗಳ ಪಕ್ಕದಲ್ಲಿಟ್ಟು ನೋಡಿ. 1908ರಲ್ಲಿ ಸೈಬೀರಿಯಾದ ತುಂಗುಸ್ಕಾದ ಮೇಲೆ ಆಕಾಶದಲ್ಲೇ ಉಲ್ಕೆಯೊಂದು ಸಿಡಿದು ಸುಮಾರು 2,000 ಚದರ ಕಿಲೋಮೀಟರ್ ಕಾಡು ಮಲಗಿತು. ಆದರೆ ಸ್ಫೋಟದ ನೇರ ಕೆಳಗಿನ ಮರಗಳು ಕೊಂಬೆ ಕಳೆದುಕೊಂಡು ಕಂಬದಂತೆ ನಿಂತೇ ಇದ್ದವು. ಒತ್ತಡ ಮೇಲಿನಿಂದ ಬಂದಿತ್ತು, ಪಕ್ಕದಿಂದಲ್ಲ. ಹಿರೋಶಿಮಾದಲ್ಲೂ ಸ್ಫೋಟದ ಕೆಳಗೆ ಹೀಗೆ ನಿಂತುಳಿದ ಮರಗಳಿದ್ದವು. ಇಂಥ ಹೋಲಿಕೆ ಕಲಿಸುತ್ತದೆ, ಏಕೆಂದರೆ ಅದು ತರಂಗವನ್ನು ತರಂಗದೊಡನೆ ಹೋಲಿಸುತ್ತದೆ. ಕಿಲೋಟನ್ನಿನ ಲೆಕ್ಕ ಹಾಗಲ್ಲ. ಉಳಿದೆಲ್ಲ ಸಮವಾಗಿದ್ದರೂ ತರಂಗದ ಹೊಡೆತ ತಲುಪುವ ದೂರ ಬೆಳೆಯುವುದು ಶಕ್ತಿಯ ಘನಮೂಲದಷ್ಟೇ: ಶಕ್ತಿ 30 ಪಟ್ಟಾದರೆ ದೂರ ಮೂರು ಪಟ್ಟಿಗಿಂತ ಚೂರು ಹೆಚ್ಚು. ಉಳಿದದ್ದಾದರೂ ಎಲ್ಲಿ ಸಮ? ಬಾಂಬು ಸಿಡಿದದ್ದು ನೆಲದಿಂದ ಸುಮಾರು 580 ಮೀಟರ್ ಮೇಲೆ, ಉಲ್ಕೆ ಸುಮಾರು 30 ಕಿಲೋಮೀಟರ್ ಮೇಲೆ.

ಸಾಮಾನ್ಯ ಓದುಗರಿಗೆ ಪರಿಚಿತವಾದ ಒಂದು ಮಾನ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಹಿರೋಶಿಮಾ ನಮಗೆ ಪರಿಚಿತವಾಗಿರುವುದು ಅದರ ಕಿಲೋಟನ್ನಿನಿಂದಲ್ಲ, ಸುಟ್ಟ ಚರ್ಮದಿಂದ, ಗಾಯವೇ ಇಲ್ಲದವರನ್ನು ವಾರಗಳ ಮೇಲೆ ಕೊಂದ ವಿಕಿರಣದಿಂದ. ಉಲ್ಕೆಗೆ ಆ ವಿಕಿರಣವಿಲ್ಲ. ಊರನ್ನು ಆರಿಸಿ ಗುರಿಯಿಟ್ಟ ಕೈಯೂ ಇಲ್ಲ. ಚೆಲ್ಯಾಬಿನ್ಸ್ಕ್ ಪಾರಾದದ್ದು ಬರೀ ಅದೃಷ್ಟದಿಂದ ಎನ್ನುವವರೂ ಇದ್ದಾರೆ. ನಿಜವೇ. ಬಂಡೆ ಇನ್ನಷ್ಟು ದೊಡ್ಡದಾಗಿ, ಕಡಿದಾಗಿ ಇಳಿದು ಕೆಳಗೆ ಸಿಡಿದಿದ್ದರೆ ಕಥೆ ಬೇರೆ. ಆದರೆ ಆ ಅದೃಷ್ಟದ ಹೆಸರು ಎತ್ತರ ಮತ್ತು ಕೋನ. 30 ಎಂಬ ಅಂಕಿಯಲ್ಲಿ ಅವೆರಡಕ್ಕೂ ಜಾಗವಿಲ್ಲ. ಅಂದು ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಕಿಟಕಿಯ ಗಾಜು. ಬೆಳಕು ಕಂಡ ಮೇಲೆ ಸದ್ದು ಬರಲು ನಗರದಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಜನ ಆಕಾಶದ ಹೊಗೆಗೆರೆ ನೋಡಲು ಕಿಟಕಿಗೆ ಬಂದು ನಿಂತಿದ್ದರು. ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿ, ಅದು ಏನೆಂದು ತಿಳಿಯದೆಯೇ, ಮಕ್ಕಳನ್ನು ಡೆಸ್ಕಿನ ಕೆಳಗೆ ಅಡಗಿಸಿದರು. ಅಣುಬಾಂಬಿನ ಭಯದ ಕಾಲದಲ್ಲಿ ಶಾಲೆಗಳಲ್ಲಿ ಮಾಡಿಸುತ್ತಿದ್ದ ಕವಾಯತೂ ಇದೇ. ಗಾಜು ಒಡೆದು ಶಿಕ್ಷಕಿಯ ತೋಳು ಸೀಳಿತು. ಮಕ್ಕಳಿಗೆ ಏನೂ ಆಗಲಿಲ್ಲ.