ಇಂದಿನ ಧಮ್ಮ ಚಿಂತನೆ: ಹಗ್ಗವಿಲ್ಲದ ಬಂಡೆ



ಹೋದ ವಾರ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ ಊರ ಹಿಂದಿನ ಗುಡ್ಡದ ಬಂಡೆ ಹತ್ತಿದ. ದೇವದುರ್ಗ, ಮಾನ್ವಿ ಕಡೆ ಓಡಾಡಿದವರಿಗೆ ನಮ್ಮ ಬಂಡೆಗಳ ಪರಿಚಯ ಹೇಳಬೇಕಿಲ್ಲ. ಯಾರೋ ಒಂದರ ಮೇಲೊಂದು ಇಟ್ಟು ಮರೆತು ಹೋದಂತೆ ನಿಂತಿರುತ್ತವೆ. ಕೆಳಗೆ ಗೆಳೆಯರು ಮೊಬೈಲ್ ಹಿಡಿದು ರೀಲ್ಸ್ ಮಾಡುತ್ತಿದ್ದರು. ಮೂರಾಳು ಎತ್ತರ ಹೋದ ಮೇಲೆ ಅವನ ಕೈಗೆ ಮುಂದೆ ಹಿಡಿ ಸಿಗಲಿಲ್ಲ, ಕಾಲಿಗೆ ಹಿಂದೆ ಜಾಗ ಸಿಗಲಿಲ್ಲ. ಹತ್ತುವಾಗ ಕಣ್ಣು ಕೈಯ ಜೊತೆಗಿರುತ್ತದೆ, ಇಳಿಯುವಾಗ ಕಾಲು ಕುರುಡಾಗುತ್ತದೆ. ಬಂಡೆಗೆ ಎದೆ ಒತ್ತಿ ಹಾಗೇ ನಿಂತುಬಿಟ್ಟ.

ಸುದ್ದಿ ಕೇಳಿ ಓಡಿದೆ. ಅಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಹುಡುಗನ ಮಂಡಿ ನಡುಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ನನ್ನ ಅಂಗಾಲಲ್ಲೂ ಜುಂ ಅನ್ನುತ್ತಿತ್ತು. ಕಣ್ಣು ಮುಚ್ಚಬೇಕು ಅನಿಸಿತು, ಮುಚ್ಚಲು ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ನನ್ನ ಕೈಯಲ್ಲೂ ಮೊಬೈಲ್, ಕ್ಯಾಮೆರಾ ತೆರೆದಿತ್ತು. ಯಾವಾಗ ತೆರೆದೆನೋ ನನಗೇ ಗೊತ್ತಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಬೀಳುವ ಮಗುವನ್ನು ಹಿಡಿಯಲು ಚಾಚಬೇಕಾದ ಕೈ ಚಿತ್ರ ಹಿಡಿಯಲು ಹೋಗಿತ್ತು.

ಆ ಹುಡುಗನನ್ನು ಆಮೇಲೆ ಯಾಕೋ ತಮ್ಮಾ ಹತ್ತಿದಿ ಅಂದರೆ, 'ಕೋತಿರಾಜ್ ಹತ್ತತಾರಲ್ರಿ ಸರ' ಅಂದ.

ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರನ್ನು ನೀವೂ ನೋಡಿರುತ್ತೀರಿ. ತಮಿಳುನಾಡಿನ ತೇನಿ ಜಿಲ್ಲೆಯವರು. ಬಾಲ್ಯದಲ್ಲೇ ಮನೆಯಿಂದ ದೂರವಾಗಿ ಕರ್ನಾಟಕಕ್ಕೆ ಬಂದವರು, ಕೂಲಿ ಮಾಡಿ ಬದುಕಿದವರು. ಜೀವ ಬೇಡವೆಂದು ಚಿತ್ರದುರ್ಗದ ಬೆಟ್ಟಕ್ಕೆ ಹೋದಾಗ ಕೋತಿಯೊಂದು ಬಂಡೆ ಏರುವುದನ್ನು ಕಂಡು ತಾನೂ ಏರತೊಡಗಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಸಾಯಲು ಹೋದ ಮನುಷ್ಯನಿಗೆ ಬಂಡೆ ಬದುಕಾಯಿತು. ಜೋಗದ ಕಣಿವೆಯಲ್ಲಿ ಬಿದ್ದವರ ಶವಗಳನ್ನು ಹುಡುಕಲೂ ಅವರು ಇಳಿಯುತ್ತಾರೆ. ಜೋಗ ಎಂದರೆ 830 ಅಡಿ. 2018ರಲ್ಲಿ ಹಾಗೆ ಇಳಿದು ತಾವೇ ಸಿಕ್ಕಿಕೊಂಡಾಗ ಬೇರೆಯವರು ಹೋಗಿ ಕರೆತರಬೇಕಾಯಿತು.

ನಮ್ಮ ವಾಚನ ಬಳಗದ ಹಿರಿಯರೊಬ್ಬರು ಇದು ಪಂಚಶೀಲದ ಮೊದಲ ಶೀಲಕ್ಕೇ ವಿರುದ್ಧ, ಪರರ ಜೀವದಂತೆ ತನ್ನ ಜೀವವೂ ಜೀವವೇ ಎಂದರು. ನಾನು ಒಪ್ಪಲಿಲ್ಲ. ಹತ್ತುವವನು ಸಾವನ್ನು ಹುಡುಕಿ ಹೋಗುವುದಿಲ್ಲ. ಬೆರಳ ತುದಿಯ ಬಗ್ಗೆ ಅವನಿಗಿರುವಷ್ಟು ಎಚ್ಚರ ನಮಗೆ ಇಡೀ ದಿನದ ಬಗ್ಗೆ ಇರುವುದಿಲ್ಲ.

ಅಮೆರಿಕದ ಅಲೆಕ್ಸ್ ಹೊನ್ನಾಲ್ಡ್ 2017ರ ಜೂನ್ 3ರಂದು ಎಲ್ ಕ್ಯಾಪಿಟನ್ ಎಂಬ ಸುಮಾರು 3000 ಅಡಿಯ ನೆಟ್ಟನೆಯ ಬಂಡೆಯನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷದಲ್ಲಿ ಹತ್ತಿದ. ಆ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿದೆ. ಬರದೇ ಇರುವುದು ಅದರ ಹಿಂದಿನ ಕಥೆ. ಅದೇ ದಾರಿಯನ್ನು ಅವನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಕೈ ಎಲ್ಲಿ ಕಾಲು ಎಲ್ಲಿ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದ. 2016ರಲ್ಲಿ ಹಗ್ಗವಿಲ್ಲದೆ ಹೊರಟು, ಮನಸ್ಸು ಒಗ್ಗದೆ, ಅರ್ಧದಲ್ಲೇ ಬಿಟ್ಟು ವಾಪಸು ಬಂದಿದ್ದ. ನನಗೆ ಆ ವಾಪಸು ಬಂದದ್ದೇ ದೊಡ್ಡದಾಗಿ ಕಾಣುತ್ತದೆ. ನೋಡುವವರೆಲ್ಲ ಕಾದು ಕುಳಿತಿರುವಾಗ ಇವತ್ತು ಬೇಡ ಅನ್ನುವುದಕ್ಕೂ ಧೈರ್ಯ ಬೇಕು. ನಮ್ಮ ಹುಡುಗರಿಗೆ ಆ ಭಾಗವನ್ನು ಯಾರೂ ತೋರಿಸುವುದಿಲ್ಲ.

ಮಜ್ಝಿಮ ನಿಕಾಯದ ಭಯಭೇರವ ಸುತ್ತ ಇಲ್ಲಿ ನೆನಪಾಗುತ್ತದೆ. ಬೋಧಿಗೆ ಮುಂಚಿನ ದಿನಗಳಲ್ಲಿ ಭಗವಾನರು ಬೇಕೆಂದೇ ಜನ ಹೆದರುವ ಕಾಡುಗಳಲ್ಲಿ ರಾತ್ರಿ ಕಳೆದರು. ಜಿಂಕೆ ಬಂದೀತು, ನವಿಲು ಕಡ್ಡಿ ಮುರಿದೀತು, ಗಾಳಿಗೆ ತರಗೆಲೆ ಸದ್ದಾದೀತು, ಎದೆ ಝಲ್ಲೆಂದೀತು. ಆಗ ಅವರು ಮಾಡಿದ್ದು ಇಷ್ಟೆ: ನಡೆಯುವಾಗ ಭಯ ಬಂದರೆ ಅದು ಅಡಗುವ ತನಕ ನಡೆಯುತ್ತಲೇ ಇದ್ದರು, ಕುಳಿತಾಗ ಬಂದರೆ ಕುಳಿತೇ ಇದ್ದರು. ಭಯವೇ ಇರಲಿಲ್ಲ ಎಂದು ಆ ಸುತ್ತದಲ್ಲಿ ಎಲ್ಲೂ ಹೇಳಿಲ್ಲ. ಇನ್ನೊಂದು ವಿಷಯ, ಅಲ್ಲಿ ಚಪ್ಪಾಳೆ ಹೊಡೆಯಲು ಯಾರೂ ಇರಲಿಲ್ಲ.

ಪ್ರಪಾತದ ಬಗ್ಗೆಯೇ ಒಂದು ಸುತ್ತ ಇದೆ, ಸಂಯುತ್ತ ನಿಕಾಯದಲ್ಲಿ. ರಾಜಗೃಹದ ಬೆಟ್ಟದಲ್ಲಿ ಭಿಕ್ಖುವೊಬ್ಬ ಕೆಳಗಿನ ಆಳ ನೋಡಿ, ಇದಕ್ಕಿಂತ ಭಯಂಕರ ಪ್ರಪಾತ ಇನ್ನೊಂದಿದೆಯೇ ಎಂದು ಕೇಳುತ್ತಾನೆ. ಇದೆ ಎನ್ನುತ್ತಾರೆ ಬುದ್ಧರು. ದುಃಖವನ್ನು ಅದು ಇರುವ ಹಾಗೆ ಅರಿಯದವರು ಬೀಳುವ ಪ್ರಪಾತ ಇದಕ್ಕಿಂತ ದೊಡ್ಡದು. ಬಾಬಾಸಾಹೇಬರು ಈ ದುಃಖವನ್ನು ಹುಟ್ಟು-ಮುಪ್ಪುಗಳಿಗಷ್ಟೇ ಕಟ್ಟಿಹಾಕಲಿಲ್ಲ, ಮನುಷ್ಯ ಮನುಷ್ಯನಿಗೆ ಕೊಡುವ ದುಃಖವನ್ನು ಮುಂದೆ ತಂದರು ಎಂಬುದು ನಮಗೆಲ್ಲ ಗೊತ್ತು. ಗೊತ್ತಿದ್ದರೂ ಕಣ್ಣಿಗೆ ಕಾಣಬೇಕಲ್ಲ. ನನಗೆ ಕಾಣಿಸಿದವರು ಆ ಹುಡುಗನ ಸೋದರಮಾವ.

ಬಂಡೆಯ ಮೇಲಿನ ಹುಡುಗನನ್ನು ಇಳಿಸಿದವರು ಅವರೇ. ರಾಯಚೂರಲ್ಲಿ ಕೆಲಸ, ರಜೆಗೆ ಬಂದಿದ್ದರು. ಮನೆಗೆ ಓಡಿ ಹಗ್ಗ ತಂದು, ಗುಡ್ಡದ ಹಿಂಬದಿಯಿಂದ ಮೇಲೆ ಹೋಗಿ, ಹುಡುಗನ ಸೊಂಟಕ್ಕೆ ಬಿಗಿಸಿ, ನಾವು ನಾಲ್ಕು ಜನ ಮೇಲೆ ಹಿಡಿದುಕೊಂಡು ನಿಧಾನಕ್ಕೆ ಇಳಿಬಿಟ್ಟೆವು. ಜನ ಸಿಳ್ಳೆ ಹಾಕಿದರು. ಹಗ್ಗ ಸುತ್ತುತ್ತಾ ಅವರು ತಮ್ಮಷ್ಟಕ್ಕೆ ಅಂದುಕೊಂಡಂತೆ ಅಂದರು: 'ನಾವು ಗುಂಡಿಗಿ ಇಳಿಯಾಗ ಇಷ್ಟು ಮಂದಿ ಸೇರಂಗಿಲ್ರಿ ಸರ.'

ಪಾಯಖಾನೆ ಗುಂಡಿ. ಮೇಲ್ಮುಚ್ಚಳ ತೆಗೆದು, ಬನಿಯನ್ ಬಿಚ್ಚಿಟ್ಟು ಇಳಿಯುವುದು. ಅಲ್ಲಿ ಹಿಡಿ ತಪ್ಪುವ ಮಾತಿಲ್ಲ. ಕಣ್ಣಿಗೆ ಕಾಣದ ಗಾಳಿ ಒಂದೆರಡು ಉಸಿರಲ್ಲೇ ಎಚ್ಚರ ತಪ್ಪಿಸುತ್ತದೆ, ಎತ್ತಲು ಇಳಿದವನನ್ನೂ ಅಲ್ಲೇ ಮಲಗಿಸುತ್ತದೆ. 2013ರ ಕಾಯ್ದೆ ರಕ್ಷಣಾ ಸಾಮಗ್ರಿ ಇಲ್ಲದೆ ಚರಂಡಿ, ಸೆಪ್ಟಿಕ್ ಗುಂಡಿಗೆ ಯಾರನ್ನೂ ಇಳಿಸಬಾರದು ಎನ್ನುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತ ಮೇಲಿನ ಲೆಕ್ಕ ಏರುತ್ತಿದೆ. ಇಳಿಯುವವರು ಯಾವ ಕೇರಿಯವರು ಎಂಬುದನ್ನು ಈ ಬಳಗದಲ್ಲಿ ಯಾರೂ ಯಾರಿಗೂ ಹೇಳಬೇಕಿಲ್ಲ.

ಹಗ್ಗ ಬಿಟ್ಟು ಹತ್ತುವವನನ್ನು ಜಗತ್ತು ಉಸಿರು ಬಿಗಿಹಿಡಿದು ನೋಡುತ್ತದೆ. ಅವನಿಗೆ ಹಗ್ಗ ಇತ್ತು, ಬೇಡವೆಂದ. ಹಗ್ಗವನ್ನೇ ಕೊಡದೆ ಇಳಿಸಿದವನ ಕಡೆ ಮೂಗು ಮುಚ್ಚಿಕೊಂಡು ನಡೆಯುತ್ತದೆ. ನನ್ನ ಕ್ಯಾಮೆರಾ ಬಂಡೆಯ ಕೆಳಗೆ ತಾನಾಗಿ ತೆರೆದುಕೊಂಡಿತ್ತಲ್ಲ, ಗುಂಡಿಯ ಪಕ್ಕ ಒಮ್ಮೆಯೂ ತೆರೆದಿಲ್ಲ. ಅಂಥ ಗುಂಡಿಗಳ ಪಕ್ಕದಲ್ಲಿ ನಾನೂ ನಡೆದು ಹೋಗಿದ್ದೇನೆ.

ಚಿಕ್ಕವನಿದ್ದಾಗ ಮಾನ್ವಿ ಸಂತೆಯಲ್ಲಿ ದೊಂಬರಾಟ ನೋಡುತ್ತಿದ್ದೆವು. ಬುದ್ಧರೂ ಅಂಥದ್ದೇ ಒಂದು ಆಟದ ಕಥೆ ಹೇಳಿದ್ದಾರೆ, ಸೇದಕ ಎಂಬ ಊರಿನಲ್ಲಿ. ಬಿದಿರು ನೆಟ್ಟ ಆಟಗಾರ ಭುಜದ ಮೇಲೆ ಶಿಷ್ಯ ಮೇದಕಥಾಲಿಕನನ್ನು ನಿಲ್ಲಿಸಿಕೊಂಡು, ನೀನು ನನ್ನನ್ನು ಕಾಯಿ, ನಾನು ನಿನ್ನನ್ನು ಕಾಯುತ್ತೇನೆ ಎನ್ನುತ್ತಾನೆ. ಶಿಷ್ಯ ಒಪ್ಪುವುದಿಲ್ಲ. ನೀವು ನಿಮ್ಮ ಮೇಲೆ ಎಚ್ಚರವಿಡಿ, ನಾನು ನನ್ನ ಮೇಲೆ ಎಚ್ಚರವಿಡುತ್ತೇನೆ, ಆಗ ಇಬ್ಬರೂ ಕ್ಷೇಮವಾಗಿ ಇಳಿಯುತ್ತೇವೆ ಎನ್ನುತ್ತಾನೆ. ಬುದ್ಧರು ಶಿಷ್ಯನ ಮಾತು ಸರಿ ಎಂದರು. ಆದರೆ ಅಲ್ಲಿಗೇ ಬಿಡಲಿಲ್ಲ, ತನ್ನನ್ನು ಕಾಯುವುದೂ ಇನ್ನೊಬ್ಬರನ್ನು ಕಾಯುವುದೂ ಒಂದರೊಳಗೊಂದು ಎಂದು ಸೇರಿಸಿದರು. ಪಾಲಿಯಲ್ಲಿ ಆ ಆಟಗಾರನನ್ನು ಕರೆದಿರುವ ಹೆಸರು ಚಂಡಾಲವಂಸಿಕ. ಆ ಪದಕ್ಕೆ ಪಂಡಿತರು ಏನು ಅರ್ಥ ಹೇಳಲಿ, ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಆ ಹಗ್ಗ ಎರಡು ದಿನ ನಮ್ಮ ಮನೆಯಲ್ಲೇ ಇತ್ತು. ಸೋಮವಾರ ಬೆಳಗ್ಗೆ ರಾಯಚೂರಿಗೆ ಹೊರಟವರು ಒಯ್ಯಲು ಬಂದರು. ಇಳಿಯಬೇಡಿ, ಕಾಯ್ದೆ ಹೀಗಿದೆ ಅಂತ ಹೇಳಿದೆ. ಕೂಲಿ ಯಾರು ಕೊಡ್ತಾರ್ರಿ ಅಂದರು. ಹಾಗಾದರೆ ಹಗ್ಗವನ್ನಾದರೂ ಕಟ್ಟಿಕೊಳ್ಳಿ ಅಂದೆ.

'ಕಟ್ಕೊಂಡ್ರ ಮ್ಯಾಲ ಹಿಡಿಯಾಕ ಒಬ್ಬರು ಬೇಕಲ್ರಿ ಸರ' ಅಂದರು.

ಈ ಭಾನುವಾರ ಸಂಜೆ ವಂದನೆಗೆ ಅವರನ್ನು ಕರೆದಿದ್ದೇನೆ. ಜೊತೆಗೆ ಕೆಲಸ ಮಾಡುವ ಇನ್ನಿಬ್ಬರನ್ನೂ ಕರೆತರುತ್ತಾರೆ. ಸುತ್ತ ವಾಚನ ಒಂದು ವಾರ ಮುಂದಕ್ಕೆ ಹೋಗಲಿ. ಬಳಗದಲ್ಲಿರುವ ವಕೀಲರು 2013ರ ಕಾಯ್ದೆಯ ಕನ್ನಡ ಪ್ರತಿ ಇದ್ದರೆ ದಯವಿಟ್ಟು ತನ್ನಿ.

ನಮೋ ಬುದ್ಧಾಯ. ಜೈ ಭೀಮ್.