ಬಿಟ್ಟುಕೊಡಬಲ್ಲವರ ಗೆಲುವು

ಒಮ್ಮೆ ಗೆದ್ದವರನ್ನು ಅದೃಷ್ಟವಂತರೆನ್ನುತ್ತೇವೆ. ಎರಡು ಸಲ ಗೆದ್ದರೆ ಸಮರ್ಥರೆನ್ನುತ್ತೇವೆ. ಆದರೆ ವರ್ಷದ ಮೇಲೆ ವರ್ಷ ಉರುಳಿ, ಆಡುವವರು ಬದಲಾಗುತ್ತ ಹೋದರೂ ಗೆಲುವು ಮಾತ್ರ ಒಂದೇ ಮನೆಯ ಜಗಲಿ ಬಿಟ್ಟು ಕದಲದಿದ್ದರೆ ಏನೆನ್ನಬೇಕು? ಮೊದಲು ಮೆಚ್ಚುಗೆ ಮೂಡುತ್ತದೆ; ಅದರ ಬೆನ್ನಿಗೇ ಸಂಶಯವೂ ಬರುತ್ತದೆ. ಇವರಲ್ಲಿ ಅಂಥದ್ದೇನಿದೆ? ಹಣವೇ, ಶಿಸ್ತೇ, ಮೋಸವೇ? ಇನ್ನೂ ಆಳಕ್ಕೆ ಹೋದರೆ, ಬಹುಕಾಲ ಗೆಲ್ಲುವವರಲ್ಲಿ ನಾವು ನಿಜವಾಗಿ ಗೌರವಿಸಬೇಕಾದದ್ದು ಯಾವುದನ್ನು ಎಂಬ ನೀತಿಯ ಪ್ರಶ್ನೆ ಎದುರಾಗುತ್ತದೆ. ಇದನ್ನು ಒರೆಗೆ ಹಚ್ಚಲು ಆಸ್ಟ್ರೇಲಿಯಾದ ರಗ್ಬಿ ಲೀಗ್ ಎಂಬ ಆಟ ಒಳ್ಳೆಯ ಒರೆಗಲ್ಲು. ನಮಗೆ ದೂರದ ಆಟವಾದ್ದರಿಂದ ಯಾವ ತಂಡದ ಮೇಲೂ ನಮಗೆ ಮಮಕಾರವಿಲ್ಲ. ತಕ್ಕಡಿ ಸಮವಾಗಿ ಹಿಡಿಯುವುದು ಸುಲಭ.

ಆಟದ ಪರಿಚಯ ಎರಡು ಮಾತಿನಲ್ಲಿ ಹೇಳಬಹುದು. ತಂಡಕ್ಕೆ 13 ಮಂದಿ. ಚೆಂಡನ್ನು ಎದೆಗವಚಿಕೊಂಡು ಓಡಿ ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಬೇಕು. ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕದಲ್ಲೋ ಹಿಂದೆಯೋ ಇರುವವನಿಗೆ ಕೊಡಬೇಕು. ಎದುರಿನವರು ಓಡುವವನನ್ನು ಹಿಡಿದು ಕೆಡಹುತ್ತಾರೆ. ಕಬಡ್ಡಿ ನೋಡಿ ಬೆಳೆದ ನಮಗೆ ಹಿಡಿತದ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆರು ಸಲ ಹಿಡಿತಕ್ಕೆ ಸಿಕ್ಕರೆ ಚೆಂಡು ಎದುರಾಳಿಗೆ ಹೋಗುತ್ತದೆ. ಈ ಆಟ ಹುಟ್ಟಿದ್ದೇ ಒಂದು ನ್ಯಾಯದ ತಕರಾರಿನಿಂದ. ಗಣಿಯಲ್ಲೋ ಗಿರಣಿಯಲ್ಲೋ ದುಡಿಯುವವನು ಆಟಕ್ಕಾಗಿ ಕೆಲಸ ಬಿಟ್ಟು ಬಂದರೆ ಅವನು ಕಳೆದುಕೊಂಡ ಕೂಲಿಯನ್ನು ತುಂಬಿಕೊಡಬೇಕೇ ಬೇಡವೇ ಎಂಬ ಜಗಳದಲ್ಲಿ, ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು 1895ರಲ್ಲಿ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಹಳೆಯ ರಗ್ಬಿ ಸಂಘದಿಂದ ಬೇರೆಯಾದವು. ಸಿಡ್ನಿಯಲ್ಲಿ 1908ರಲ್ಲಿ ಮೊದಲ ಲೀಗ್ ಪಂದ್ಯಾವಳಿ ನಡೆಯಿತು.

ಅದೇ ಸಿಡ್ನಿಯಲ್ಲಿ ಸೇಂಟ್ ಜಾರ್ಜ್ ಎಂಬ ತಂಡ 1956ರಿಂದ 1966ರವರೆಗೆ ಒಂದು ವರ್ಷವೂ ತಪ್ಪದೆ 11 ಸಲ ಪ್ರಶಸ್ತಿ ಗೆದ್ದಿತು. ಇದನ್ನು ಸರಿಗಟ್ಟಿದವರು ಇದುವರೆಗೆ ಅಲ್ಲಿ ಯಾರೂ ಇಲ್ಲ. ಸ್ವಾರಸ್ಯವೆಂದರೆ, ಈ ಹನ್ನೊಂದೂ ಅಂತಿಮ ಪಂದ್ಯಗಳಲ್ಲಿ ಆಡಿ ಗೆದ್ದ ಆಟಗಾರ ಒಬ್ಬನೂ ಇಲ್ಲ. ಎಲ್ಲರಿಗಿಂತ ಹೆಚ್ಚು ಪಾಲು ಪಡೆದ ನಾರ್ಮ್ ಪ್ರೊವಾನ್ ಕೂಡ ಹತ್ತಕ್ಕೆ ನಿಂತರು. ಅಂದಮೇಲೆ ಹನ್ನೊಂದು ಗೆಲುವುಗಳ ಪೂರ್ಣ ಒಡೆಯ ಯಾವ ಒಬ್ಬ ಮನುಷ್ಯನೂ ಅಲ್ಲ. ಇಂಗ್ಲೆಂಡಿನ ಲೀಡ್ಸ್ ತಂಡದಲ್ಲಿ ಆಡಿ ಬಂದ ಕೆನ್ ಕರ್ನಿ, ಅಲ್ಲಿ ಕಂಡ ರಕ್ಷಣೆಯ ಶಿಸ್ತನ್ನು ಇಲ್ಲಿ ಕಲಿಸಿದರು. ಅವರ ನಂತರ ಪ್ರೊವಾನ್ ಆಡುತ್ತಲೇ ತರಬೇತಿಯ ಹೊಣೆಯನ್ನೂ ಹೊತ್ತರು. ರೆಗ್ ಗ್ಯಾಸ್ನಿಯರ್, ಜಾನಿ ರೇಪರ್, ಗ್ರೇಮ್ ಲ್ಯಾಂಗ್‌ಲ್ಯಾಂಡ್ಸ್‌ರಂಥವರು ಒಬ್ಬರ ಹಿಂದೆ ಒಬ್ಬರು ಬಂದು ಸೇರಿದರು.

ಆದರೆ ಗುಣಗಾನದ ನಡುವೆ ಲೆಕ್ಕವನ್ನೂ ನೋಡಬೇಕು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1956ರಲ್ಲಿಯೇ ಕ್ಲಬ್ಬುಗಳಿಗೆ ಜೂಜಿನ ಯಂತ್ರಗಳನ್ನಿಡಲು ಕಾನೂನಿನ ಒಪ್ಪಿಗೆ ದೊರೆಯಿತು. ಆ ಆದಾಯ ಆಟಕ್ಕೂ ಹರಿಯಿತು. ಸೇಂಟ್ ಜಾರ್ಜ್ ಕ್ಲಬ್ಬು ಕಟ್ಟಿಸಿದ ಭವ್ಯ ಕಟ್ಟಡಕ್ಕೆ ಜನ ಇಟ್ಟ ಅಡ್ಡಹೆಸರು ನಮ್ಮ ಆಗ್ರಾದ್ದೇ: 'ತಾಜಮಹಲ್'. ಆಟದ ನಿಯಮವೂ ಬಲಿಷ್ಠರ ಕಡೆಗಿತ್ತು. ಆ ಕಾಲದಲ್ಲಿ ಇಷ್ಟು ಹಿಡಿತಕ್ಕೆ ಚೆಂಡು ಬಿಡಬೇಕೆಂಬ ಮಿತಿಯಿರಲಿಲ್ಲ. ಚೆಂಡನ್ನು ಕೈಬಿಡದೆ ಕಾಪಾಡಿಕೊಳ್ಳಬಲ್ಲ ತಂಡ ಎಷ್ಟು ಹೊತ್ತು ಬೇಕಾದರೂ ಆಡಬಹುದಿತ್ತು. ನಾಲ್ಕು ಹಿಡಿತಗಳ ಮಿತಿ ಬಂದದ್ದು 1967ರಲ್ಲಿ. ಅದೇ ವರ್ಷ ಸೇಂಟ್ ಜಾರ್ಜಿನ ಸರಪಳಿ ಕಡಿಯಿತು. ನಿಯಮವೊಂದೇ ಕಾರಣವೆಂದರೆ ಅನ್ಯಾಯವಾದೀತು. ಪ್ರೊವಾನ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೂ ಸಾಮರ್ಥ್ಯವೆಂದು ನಾವು ಕರೆಯುವುದರಲ್ಲಿ ಕಾಲದ ಅನುಕೂಲವೂ ಕಲಸಿಹೋಗಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಸೋತವರ ಕಡೆಯಿಂದ ಒಮ್ಮೆ ನೋಡೋಣ. ವೆಸ್ಟರ್ನ್ ಸಬರ್ಬ್ಸ್ ತಂಡ 1961, 1962, 1963 ಮೂರು ವರ್ಷವೂ ಅಂತಿಮ ಪಂದ್ಯದಲ್ಲಿ ಸೇಂಟ್ ಜಾರ್ಜಿಗೇ ಸೋತಿತು. 1963ರ ಪಂದ್ಯ ಮುಗಿದಾಗ, ಮೈಯೆಲ್ಲ ಕೆಸರು ಮೆತ್ತಿಕೊಂಡಿದ್ದ ಎತ್ತರದ ಪ್ರೊವಾನ್ ಮತ್ತು ಎದುರು ತಂಡದ ಕುಳ್ಳ ನಾಯಕ ಆರ್ಥರ್ ಸಮನ್ಸ್ ಒಬ್ಬರನ್ನೊಬ್ಬರು ತಬ್ಬಿ ನಿಂತ ಚಿತ್ರವನ್ನು ಜಾನ್ ಒ'ಗ್ರೆಡಿ ಎಂಬ ಛಾಯಾಗ್ರಾಹಕ ಸೆರೆಹಿಡಿದರು. ಇಂದಿಗೂ ಅಲ್ಲಿನ ಪ್ರಶಸ್ತಿಯ ಮೇಲೆ ಇರುವುದು ಆ ಇಬ್ಬರ ಪ್ರತಿಮೆ. 2013ರಿಂದ ಪ್ರಶಸ್ತಿಗೆ ಇಬ್ಬರ ಹೆಸರೂ ಇದೆ. ಗೆದ್ದವನಷ್ಟೇ ಸೋತವನೂ ಅಲ್ಲಿ ನಿಂತಿದ್ದಾನೆ. ಎದುರಾಳಿಯಿಲ್ಲದೆ ಗೆಲುವಿಲ್ಲ ಎಂಬ ಸರಳ ಸತ್ಯವನ್ನು ಆ ಲೋಹದ ತುಣುಕು ವರ್ಷವರ್ಷವೂ ಎತ್ತಿ ತೋರಿಸುತ್ತದೆ.

ಈ ಸತ್ಯದಿಂದಲೇ ಇನ್ನೊಂದು ವಾದ ಹುಟ್ಟುತ್ತದೆ. ಒಂದೇ ತಂಡ ಸದಾ ಗೆಲ್ಲುವುದಾದರೆ ಉಳಿದವರು ಏಕೆ ಆಡಬೇಕು? ಈ ಚಿಂತೆಗೆ ಉತ್ತರವಾಗಿ 1990ರಲ್ಲಿ ವೇತನ ಮಿತಿಯ ನಿಯಮ ಬಂತು. ಒಂದು ಕ್ಲಬ್ಬು ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ. ತಂಡ ಗೆದ್ದಂತೆಲ್ಲ ಆಟಗಾರರ ಬೆಲೆ ಏರುತ್ತದೆ. ಬೆಲೆ ಏರಿದಂತೆ ಎಲ್ಲರನ್ನೂ ಉಳಿಸಿಕೊಳ್ಳುವುದು ಅಸಾಧ್ಯವಾಗುತ್ತದೆ. ಅಂದರೆ ಗೆಲುವೇ ಗೆದ್ದ ತಂಡವನ್ನು ಒಡೆಯುತ್ತದೆ. ಇದು ಎಂಥ ನ್ಯಾಯ ಎಂದು ಯಾರಾದರೂ ಕೇಳಬಹುದು. ನೆಟ್ಟು ನೀರೆರೆದವನು ಒಬ್ಬ, ಫಲ ಕೊಯ್ಯುವವನು ಇನ್ನೊಬ್ಬನೇ? ಈ ಆಕ್ಷೇಪಕ್ಕೆ ತೂಕವಿದೆ. ಹಾಗಿದ್ದೂ ಈ ನಿಯಮ ಒಂದು ಪರೀಕ್ಷೆಯನ್ನು ಒಡ್ಡಿತು. ಕೂಡಿಟ್ಟುಕೊಳ್ಳುವ ದಾರಿ ಮುಚ್ಚಿದ ಮೇಲೂ ಯಾರು ಗೆಲ್ಲಬಲ್ಲರು?

ಮೆಲ್ಬೋರ್ನ್ ಸ್ಟಾರ್ಮ್ ತಂಡ ಈ ಪರೀಕ್ಷೆಯಲ್ಲಿ ಮೊದಲು ಸೋತ ರೀತಿ ಕಣ್ಣು ತೆರೆಸುವಂಥದ್ದು. ಬೇರೊಂದು ಬಗೆಯ ಫುಟ್ಬಾಲೇ ಉಸಿರಾಗಿರುವ ಮೆಲ್ಬೋರ್ನ್ ನಗರದಲ್ಲಿ 1998ರಿಂದ ಆಡತೊಡಗಿದ ತಂಡ ಇದು. 2003ರಲ್ಲಿ ಕ್ರೇಗ್ ಬೆಲಮಿ ತರಬೇತುದಾರರಾದರು. ಕ್ಯಾಮರೂನ್ ಸ್ಮಿತ್, ಕೂಪರ್ ಕ್ರಾಂಕ್, ಬಿಲ್ಲಿ ಸ್ಲೇಟರ್, ಗ್ರೆಗ್ ಇಂಗ್ಲಿಸ್ ಎಂಬ ನಾಲ್ವರು ಪ್ರತಿಭಾವಂತರು ಒಂದೇ ಕಾಲಕ್ಕೆ ಅಲ್ಲಿ ಬೆಳೆದರು. 2007 ಮತ್ತು 2009ರಲ್ಲಿ ಪ್ರಶಸ್ತಿ ಬಂತು. 2010ರ ಏಪ್ರಿಲಿನಲ್ಲಿ ಗುಟ್ಟು ಬಯಲಾಯಿತು. ಆಟಗಾರರನ್ನು ಉಳಿಸಿಕೊಳ್ಳಲು ಆಡಳಿತ ಎರಡು ಬಗೆಯ ಕರಾರುಗಳನ್ನು ಇಟ್ಟಿತ್ತು: ತೋರಿಸಲು ಒಂದು, ಬಚ್ಚಿಡಲು ಒಂದು. ಎರಡೂ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ಬಹುಮಾನದ ಹಣ ಸೇರಿ 16 ಲಕ್ಷ 89 ಸಾವಿರ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಆ ವರ್ಷದ ಉಳಿದ ಪಂದ್ಯಗಳಲ್ಲಿ ಗೆದ್ದರೂ ಅಂಕವಿಲ್ಲವೆಂದಾಯಿತು. ಆ ಎರಡು ವರ್ಷಗಳ ಪ್ರಶಸ್ತಿಯನ್ನು ಸೋತವರಿಗೂ ಕೊಡಲಿಲ್ಲ. ದಾಖಲೆಯಲ್ಲಿ ಆ ಸ್ಥಾನಗಳು ಇಂದಿಗೂ ಖಾಲಿ.

ಮೈದಾನದಲ್ಲಿ ಹರಿದ ಬೆವರು ನಿಜವಾದದ್ದೇ. ಹಿಡಿತಗಳು ನಿಜ, ಓಟ ನಿಜ, ಪೆಟ್ಟೂ ನಿಜ. ಆದರೂ ಗೆಲುವು ಸುಳ್ಳಾಯಿತು. ಇದರಿಂದ ತಿಳಿಯುವುದೇನು? ಪರಿಶ್ರಮವೊಂದೇ ಗೆಲುವನ್ನು ಧರ್ಮವಾಗಿಸಲಾರದು. ಎಲ್ಲರೂ ಒಪ್ಪಿಕೊಂಡ ಕಟ್ಟಳೆಯೊಳಗೆ ನಿಂತು ಪಟ್ಟ ಪರಿಶ್ರಮಕ್ಕಷ್ಟೇ ಆ ಮರ್ಯಾದೆ. ಈ ತಪ್ಪಿನ ಬೇರನ್ನು ಹುಡುಕಿದರೆ ಅಲ್ಲಿ ದುರಾಸೆಗಿಂತ ಹೆಚ್ಚಾಗಿ ಭಯ ಕಾಣುತ್ತದೆ. ಇವರು ಹೋದರೆ ನಮ್ಮ ಗತಿಯೇನು ಎಂಬ ಭಯ. ಬಿಟ್ಟುಕೊಡಲಾರದವನು ಬಚ್ಚಿಡತೊಡಗುತ್ತಾನೆ.

ಮುಂದೆ ನಡೆದದ್ದು ಆ ಭಯವೇ ಪೊಳ್ಳೆಂದು ತೋರಿಸಿತು. ಇಂಗ್ಲಿಸ್ ಸೌತ್ ಸಿಡ್ನಿಗೆ ಹೋದರು. ಅಲ್ಲಿ 2014ರಲ್ಲಿ, 43 ವರ್ಷಗಳ ಬರವನ್ನು ನೀಗಿದ ತಂಡದಲ್ಲಿದ್ದರು. ಅವರಿಲ್ಲದ ಮೆಲ್ಬೋರ್ನ್ 2012ರಲ್ಲಿ ಗೆದ್ದಿತು, 2017ರಲ್ಲಿ ಗೆದ್ದಿತು. ಕ್ರಾಂಕ್ ಬೇರೆ ತಂಡ ಸೇರಿದರು, ಸ್ಲೇಟರ್ ನಿವೃತ್ತರಾದರು. 2020ರಲ್ಲಿ ತಂಡ ಮತ್ತೆ ಗೆದ್ದಿತು. ಸ್ಮಿತ್ ಕೂಡ ಹೋದ ಮೇಲೆ 2024 ಮತ್ತು 2025ರಲ್ಲಿ ಅಂತಿಮ ಪಂದ್ಯದವರೆಗೆ ನಡೆದು ಸೋತಿತು. ಯಾರನ್ನು ಕಳೆದುಕೊಂಡರೆ ಎಲ್ಲ ಮುಗಿಯಿತೆಂದು ಹೆದರಿ ಸುಳ್ಳು ಲೆಕ್ಕ ಬರೆದಿದ್ದರೋ, ಅವರೆಲ್ಲ ಹೋದ ಮೇಲೂ ಮನೆ ಬೀಳಲಿಲ್ಲ.

ಬಿಟ್ಟುಕೊಡುವುದನ್ನೇ ಬದುಕಿನ ಕ್ರಮವಾಗಿಸಿಕೊಂಡ ತಂಡ ಪೆನ್ರಿತ್. ಸಿಡ್ನಿಯ ಪಶ್ಚಿಮದ ಅಂಚಿನಲ್ಲಿ, ನೀಲಪರ್ವತಗಳ ಬುಡದಲ್ಲಿರುವ ಈ ಊರಿನ ಸುತ್ತ ಮಕ್ಕಳ ಆಟದ ದೊಡ್ಡ ಪರಂಪರೆಯಿದೆ. ಪೆಸಿಫಿಕ್ ದ್ವೀಪಗಳಿಂದ ಬಂದು ನೆಲೆಸಿದ ಸಾಮೊವಾದಂಥ ನಾಡುಗಳ ಕುಟುಂಬಗಳೂ ಅಲ್ಲಿ ಬಹಳ. 1967ರಲ್ಲಿ ಲೀಗಿಗೆ ಬಂದ ತಂಡ 2020ರವರೆಗೆ ಗೆದ್ದದ್ದು ಎರಡೇ ಪ್ರಶಸ್ತಿ, 1991 ಮತ್ತು 2003ರಲ್ಲಿ. ಆಮೇಲೆ 2021ರಿಂದ 2024ರವರೆಗೆ ಸತತ ನಾಲ್ಕು. ಸೇಂಟ್ ಜಾರ್ಜಿನ ಕಾಲದ ನಂತರ ಯಾರಿಗೂ ಸಾಧ್ಯವಾಗದಿದ್ದ ಕೆಲಸವಿದು.

ಆ ನಾಲ್ಕು ವರ್ಷಗಳಲ್ಲಿ ಹೊರಟುಹೋದವರ ಪಟ್ಟಿ ನೋಡಬೇಕು. ಮೊದಲ ಗೆಲುವಿನ ನಂತರ ಮ್ಯಾಟ್ ಬರ್ಟನ್, ಕರ್ಟ್ ಕೇಪ್‌ವೆಲ್. ಎರಡನೆಯದರ ನಂತರ ವಿಲಿಯಾಮೆ ಕಿಕಾವು, ಅಪಿ ಕೊರೊಯಿಸಾವು. ಮೂರನೆಯದರ ನಂತರ ಸ್ಟೀಫನ್ ಕ್ರೈಟನ್, ಸ್ಪೆನ್ಸರ್ ಲೆನಿಯು. ನಾಲ್ಕನೆಯದರ ನಂತರ ಜರೋಮ್ ಲುವಾಯ್, ಜೇಮ್ಸ್ ಫಿಶರ್-ಹ್ಯಾರಿಸ್. ಪ್ರತಿ ಉತ್ಸವದ ಮರುದಿನವೂ ಒಂದು ಬೀಳ್ಕೊಡುಗೆ. ಆದರೆ ಪ್ರತಿ ಬೀಳ್ಕೊಡುಗೆಗೂ ಮೊದಲೇ ಒಳಗಿನ ಕಿರಿಯರ ತಂಡದಲ್ಲಿ, ಅದೇ ಆಟದ ಕ್ರಮವನ್ನು ಕಲಿಯುತ್ತ ಇನ್ನೊಬ್ಬ ಸಿದ್ಧನಾಗುತ್ತಿದ್ದ. ಕೊರೊಯಿಸಾವು ಹೋದ ಜಾಗಕ್ಕೆ ಮಿಚ್ ಕೆನ್ನಿ ಬಂದರು, ಗೆಲುವು ನಿಲ್ಲಲಿಲ್ಲ. 2023ರ ಅಂತಿಮ ಪಂದ್ಯದಲ್ಲಿ ಬ್ರಿಸ್ಬೇನ್ ಎದುರು 24-8ರಿಂದ ಹಿಂದಿದ್ದ ತಂಡ 26-24ಕ್ಕೆ ಗೆದ್ದದ್ದು, ಯಾರು ಬಂದರೂ ಹೋದರೂ ತಮ್ಮ ಕೆಲಸ ತಮಗೆ ಗೊತ್ತೆಂಬ ಧೈರ್ಯದಿಂದ.

ಇಷ್ಟು ಹೇಳಿ ಪೆನ್ರಿತನ್ನು ಆದರ್ಶದ ಗದ್ದುಗೆಗೆ ಏರಿಸಿಬಿಡುವುದೂ ಸರಿಯಲ್ಲ. ಇಂದು ಹೊಗಳಿಸಿಕೊಳ್ಳುವ ಅದರ ತರಬೇತುದಾರ ಐವನ್ ಕ್ಲೀರಿಯನ್ನು 2015ರಲ್ಲಿ, ಅವರು ದಣಿದಂತೆ ಕಾಣುತ್ತಾರೆಂದು ಹೇಳಿ ಅದೇ ಕ್ಲಬ್ಬು ಹೊರಗೆ ಕಳುಹಿಸಿತ್ತು; 2019ಕ್ಕೆ ಮತ್ತೆ ಕರೆತಂದಿತು. ಕಿರಿಯರನ್ನು ಬೆಳೆಸುವ ಹಣದ ಹಿಂದೆ ಇಲ್ಲಿಯೂ ಜೂಜಿನ ಯಂತ್ರಗಳಿವೆ. ಆ ಯಂತ್ರಗಳೆದುರು ಕೂತು ಸಂಬಳ ಕಳೆದುಕೊಂಡವನ ಮನೆಯ ಸಂಕಟವನ್ನು ಯಾವ ಪ್ರಶಸ್ತಿಯ ಪಟ್ಟಿಯೂ ಬರೆದಿಡುವುದಿಲ್ಲ. ದುಡಿಯುವವನ ಕೂಲಿಗಾಗಿ ಹುಟ್ಟಿದ ಆಟಕ್ಕೆ ಇದು ಸಣ್ಣ ಕಳಂಕವಲ್ಲ. ನಿರಂತರ ಗೆಲುವಿನ ಗುಟ್ಟು ಕೇಳುವವರು ಈ ಪ್ರಶ್ನೆಯನ್ನೂ ಕೇಳಲೇಬೇಕು: ಈ ಗೆಲುವಿನ ಖರ್ಚನ್ನು ಕೊಟ್ಟವರಾರು?

ಹಾಗಾದರೆ ಗೌರವಿಸಬೇಕಾದದ್ದು ಯಾವುದನ್ನು? ಬಲ ಕಾಲದೊಡನೆ ಇಳಿಯುತ್ತದೆ. ಹಣ ಕೈಯಿಂದ ಕೈಗೆ ಹೋಗುತ್ತದೆ. ನಿಯಮದ ಅನುಕೂಲ ನಾಳೆ ಬದಲಾಗಬಹುದು. ಇವೆಲ್ಲ ಕಳೆದು ಉಳಿಯುವುದು ಒಂದೇ ಗುಣ: ತಾನು ಬಲ್ಲದ್ದನ್ನು ತನ್ನ ಜಾಗಕ್ಕೆ ಬರುವವನಿಗೆ ಅಂಜದೆ ಕಲಿಸಿಕೊಡುವುದು. ಹಿರಿಯ ಆಟಗಾರನಿಗೆ ಇದು ಸುಲಭವಲ್ಲ. ಕಲಿಸಿದಷ್ಟೂ ತನ್ನ ಅಗತ್ಯ ಕಡಿಮೆಯಾಗುತ್ತದೆಂದು ಅವನಿಗೆ ಗೊತ್ತು. ಗೊತ್ತಿದ್ದೂ ಕಲಿಸುವವರಿದ್ದಲ್ಲಿ ತಂಡ ಬಾಳುತ್ತದೆ. ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವವರಿದ್ದಲ್ಲಿ ಎಷ್ಟೇ ಪ್ರತಿಭೆಯಿದ್ದರೂ ಗೆಲುವು ಆ ಪ್ರತಿಭೆಯ ಆಯುಷ್ಯಕ್ಕೇ ಮುಗಿಯುತ್ತದೆ.

2025ರಲ್ಲಿ ಪೆನ್ರಿತ್ ಅಂತಿಮಕ್ಕೆ ಒಂದು ಮೆಟ್ಟಿಲು ಮೊದಲು ಬ್ರಿಸ್ಬೇನಿಗೆ 16-14ರಿಂದ ಸೋತಿತು. ಪ್ರಶಸ್ತಿ ಬ್ರಿಸ್ಬೇನಿನ ಪಾಲಾಯಿತು. ಕೇವಲ ಎರಡು ಅಂಕಗಳ ಅಂತರದಲ್ಲಿ ನಾಲ್ಕು ವರ್ಷಗಳ ಆಳ್ವಿಕೆ ಕೊನೆಗೊಂಡಿತು. ಅದರಿಂದ ಹಿಂದಿನ ನಾಲ್ಕು ಗೆಲುವುಗಳು ಸಣ್ಣವಾಗುವುದಿಲ್ಲ. ಅಲ್ಲಿ ಬೆಳೆದ ಹುಡುಗರು ಈಗ ಬೇರೆ ಬೇರೆ ತಂಡಗಳಲ್ಲಿ, ತಾವು ಕಲಿತದ್ದನ್ನು ಹೊಸಬರಿಗೆ ತೋರಿಸಿಕೊಡುತ್ತ ಆಡುತ್ತಿದ್ದಾರೆ. ಪ್ರಶಸ್ತಿಯ ಕಪಾಟಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಒಂದು ತಂಡ ಎಷ್ಟು ಗೆದ್ದಿತೆಂದು ಅಳೆಯುವಾಗ ಅದನ್ನೂ ಲೆಕ್ಕಕ್ಕೆ ಸೇರಿಸುವುದು ನ್ಯಾಯ.